ಕಾಲು ಸುತ್ತು, ಎರಡು ನಿಮಿಷ

ಡೀಸೆಲ್ ಕೆಲಸ ಕಲಿಯುವ ಮಕ್ಕಳಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಐಟಿಐ ಮೇಷ್ಟ್ರೊಬ್ಬರು ಮನೆಗೇ ಬಂದು ಕೇಳಿದರು. ನಾನು ಬಾಯಿಬಿಟ್ಟರೆ ನಾಲ್ಕು ಹೋಗಿ ನಾನೂರಾಗುತ್ತೆ ಸ್ವಾಮಿ, ಆಮೇಲೆ ನನ್ನನ್ನು ದೂರಬೇಡಿ ಎಂದೆ. ಪರವಾಗಿಲ್ಲ, ಬಯ್ಯೋದು ಮಾತ್ರ ಸ್ವಲ್ಪ ಕಮ್ಮಿ ಮಾಡಿ ಎಂದು ನಕ್ಕರು. ಆಯಿತು, ಪ್ರಯತ್ನ ಮಾಡುತ್ತೇನೆ.

ಈಗ ನೀವು ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಟಾರ್ಕ್ ಇಷ್ಟಕ್ಕೆ ನಿಲ್ಲಲಿ, ಟರ್ಬೊ ಒತ್ತಡ ಇದಕ್ಕಿಂತ ಏರದಿರಲಿ, ಎಂಜಿನ್ ಕಾದರೆ ಡೀಸೆಲ್ ತಗ್ಗಲಿ ಎಂದು ಕುಳಿತಲ್ಲೇ ಬರೆಯುತ್ತೀರಿ. ನಮ್ಮ ಕಾಲದಲ್ಲಿ ಇದೆಲ್ಲ ಒಂದು ಸ್ಕ್ರೂ, ಒಂದು ಸ್ಪ್ರಿಂಗು, ಒಂದು ಸೀಸದ ಗುಂಡಿನಲ್ಲಿ ಇತ್ತು. ಎಂಜಿನ್‌ಗೆ ಎಷ್ಟು ಡೀಸೆಲ್ ಕೊಡಬೇಕು, ಎಷ್ಟು ಕೊಡಬಾರದು ಎಂದು ಗೊತ್ತುಮಾಡುವುದೇ ನನ್ನ ಕೆಲಸ. ಕೊಡುವುದನ್ನು ಆರು ತಿಂಗಳಲ್ಲಿ ಕಲಿತೆ. ಕೊಡಬಾರದು ಎನ್ನುವುದನ್ನು ಕಲಿಯಲು ಹದಿನೈದು ವರ್ಷ ಹಿಡಿಯಿತು.

ಶ್ರೀರಂಗಪಟ್ಟಣದಲ್ಲಿ ಖಾದರ್ ಸಾಹೇಬರ ಪಂಪ್ ರೂಮು ಇತ್ತು. ಅಲ್ಲಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಪಂಪಿನ ಒಳಗೆ ಒಂದು ಕಣ ಮಣ್ಣು ಹೋದರೂ ಕೆಟ್ಟಿತು, ಅದಕ್ಕೆ. ಮೈಯೆಲ್ಲ ಗ್ರೀಸು ಮಾಡಿಕೊಂಡ ಲಾರಿ ಡ್ರೈವರುಗಳು ಕೂಡ ಬಾಗಿಲಲ್ಲಿ ಕಾಲು ತೊಳೆದು, ಕೈಕಟ್ಟಿಕೊಂಡು ನಿಲ್ಲುತ್ತಿದ್ದರು. ಸಾಹೇಬರು ಮಾತ್ರ ದಿನಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಸಂಜೆ ಒಂದು ಚುಕ್ಕೆ ಕಲೆಯಿಲ್ಲದೆ ಮನೆಗೆ ಹೋಗುತ್ತಿದ್ದರು. ನಾನು ಮೊದಲ ದಿನವೇ ನನ್ನ ಅಂಗಿ ಹಾಳುಮಾಡಿಕೊಂಡಿದ್ದೆ. "ಅರೆ ಪುಟ್ಟರಾಜು, ನೀನು ಪಂಪ್ ಬಿಚ್ಚಿದೆಯೋ, ಪಂಪಿನೊಳಗೆ ಇಳಿದೆಯೋ?" ಎಂದಿದ್ದರು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಪಂಪನ್ನು ಬೆಂಚಿನ ಮೇಲೆ ಓಡಿಸಿ, ಗಾಜಿನ ನಳಿಗೆಗಳಲ್ಲಿ ಡೀಸೆಲ್ ಅಳೆದು, ಸ್ಕ್ರೂ ಸರಿಯಾದ ಜಾಗದಲ್ಲಿ ನಿಂತ ಮೇಲೆ ಅದಕ್ಕೆ ತಂತಿ ಸುತ್ತಿ, ಸೀಸದ ಗುಂಡು ಹಾಕಿ, ಇಕ್ಕಳದಲ್ಲಿ ಒತ್ತಿ ಸೀಲು ಮಾಡುತ್ತಿದ್ದೆವು. ಒಬ್ಬೊಬ್ಬ ಮೇಸ್ತ್ರಿಗೆ ಒಂದೊಂದು ಇಕ್ಕಳ, ಅದರ ಬಾಯಲ್ಲಿ ಅವನ ಹೆಸರಿನ ಅಕ್ಷರ. ನನ್ನದು 'ಪು'. ಆ ಅಕ್ಷರ ಬಿದ್ದ ಪಂಪು ನಾಗಮಂಗಲದಲ್ಲಿ ಕೆಟ್ಟು ನಿಂತರೂ ಕೆ.ಆರ್. ಪೇಟೆಯಲ್ಲಿ ಹೊಗೆ ಉಗುಳಿದರೂ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಸಾಹೇಬರು ನನಗೆ ಇಕ್ಕಳ ಕೊಟ್ಟದ್ದು ಏಳನೆಯ ವರ್ಷದಲ್ಲಿ. ಅವತ್ತು ನಾನು ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಹೆಂಡತಿಗೆ ತೋರಿಸಿದೆ. ಅವಳು ತಿರುಗಿಸಿ ನೋಡಿ, "ಅಡಕೆ ಕತ್ತರಿಸಕ್ಕೂ ಬರಾಕಿಲ್ಲ, ಇದನ್ನ ಇಟ್ಕಂಡು ಏನ್ ಮಾಡ್ತೀರಾ?" ಎಂದಳು.

ಸೀಲಾದ ಮೇಲೆ ಇನ್ನೊಂದು ಪರೀಕ್ಷೆ. ಗಾಡಿಗೆ ಮರಳಿನ ಮೂಟೆ ಹೇರಿ ಕರಿಘಟ್ಟದ ಏರು ಹತ್ತಿಸಬೇಕು. ಸಾಹೇಬರು ಬುಡದಲ್ಲಿ ನಿಂತು ಹೊಗೆಯ ಬಣ್ಣ ನೋಡುತ್ತಿದ್ದರು. ತೆಳುವಾಗಿ ಕಂಡೂ ಕಾಣದಂತಿದ್ದರೆ ಸರಿ. ಕಪ್ಪಾದರೆ ವಾಪಸ್ಸು, ಮತ್ತೆ ಬೆಂಚು.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಕಡೆಗೆ ಟರ್ಬೊ ಬಂತು. ಮೊದಲು ಲಾರಿ, ಆಮೇಲೆ ಜೀಪು, ಕಾರು. ಗೊತ್ತಿಲ್ಲದವರಿಗೆ ಒಂದು ಮಾತು: ಎಂಜಿನ್ ಬಿಡುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರ ತಿರುಗಿಸುತ್ತೆ, ಆ ಚಕ್ರ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತೆ. ಗಾಳಿ ಹೆಚ್ಚಿದರೆ ಡೀಸೆಲ್ಲೂ ಹೆಚ್ಚು ಕೊಡಬಹುದು. ಆದರೆ ಗಾಳಿ ಬರುವ ಮುಂಚೆ ಕೊಟ್ಟರೆ ಬರೀ ಹೊಗೆ. ಅದಕ್ಕೆಂದು ಪಂಪಿನ ತಲೆಯ ಮೇಲೆ ಒಂದು ಡಬ್ಬಿ ಇರುತ್ತಿತ್ತು, ಟರ್ಬೊ ಗಾಳಿ ಆ ಡಬ್ಬಿಗೆ ಬಂದು ಒತ್ತಿದರೆ ಮಾತ್ರ ಅದು ಡೀಸೆಲ್ ಹೆಚ್ಚು ಬಿಡುತ್ತಿತ್ತು.

ನಾನು ಮೊದಲ ಟರ್ಬೊ ಪಂಪನ್ನು ಹಳೇ ಅಭ್ಯಾಸದಲ್ಲಿ, ಡಬ್ಬಿಗೆ ಗಾಳಿಯೇ ಕೊಡದೆ ಅಳೆದೆ. ಡೀಸೆಲ್ ಕಮ್ಮಿ ಬರ್ತಾ ಇದೆಯಲ್ಲ ಎಂದು ಸ್ಕ್ರೂ ಏರಿಸಿದೆ, ಏರಿಸಿದೆ, ನಳಿಗೆ ತುಂಬುವವರೆಗೂ ಏರಿಸಿದೆ. ಕರಿಘಟ್ಟದ ಏರಿನಲ್ಲಿ ಟರ್ಬೊ ಊದತೊಡಗಿದ್ದೇ ತಡ, ಅಪ್ಪಾ, ಹಿಂದೆ ಬೆಟ್ಟವೇ ಕಾಣದಂತೆ ಹೊಗೆ! ಕೆಳಗೆ ಬಂದಾಗ ಸಾಹೇಬರ ಬಿಳಿ ಅಂಗಿಯ ಮೇಲೆ ಅದೇ ಮೊದಲ ಸಲ ಮಸಿ ನೋಡಿದೆ. ಅವರು ಬಯ್ಯಲಿಲ್ಲ. ಪಂಕ್ಚರ್ ಅಂಗಡಿಯಿಂದ ಸೈಕಲ್ ಪಂಪೂ ಒತ್ತಡ ನೋಡುವ ಗಡಿಯಾರವೂ ತರಿಸಿ, ಡಬ್ಬಿಗೆ ಪೈಪ್ ಸಿಕ್ಕಿಸಿ, "ಊದು ಬೇಟಾ. ಉಸಿರು ಕೊಡದೆ ಓಡು ಅಂದ್ರೆ ನೀನಾದ್ರೂ ಓಡ್ತೀಯಾ?" ಎಂದರು. ಆಮೇಲೆ ಎರಡು ವರ್ಷ ನಮ್ಮ ಪಂಪ್ ರೂಮಿನಲ್ಲಿ ಟರ್ಬೊ ಕೆಲಸವೆಂದರೆ ಒಬ್ಬ ಸೈಕಲ್ ಪಂಪು ಹೊಡೆಯುವುದು, ಇನ್ನೊಬ್ಬ ನಳಿಗೆ ನೋಡುವುದು.

ಟರ್ಬೊ ಬಂದಮೇಲೆ ಜನರಿಗೆ ಒಂದು ಹುಚ್ಚು ಹಿಡಿಯಿತು. "ಒಸಿ ಪುಲ್ಲಿಂಗ್ ಜಾಸ್ತಿ ಮಾಡಿ" ಎನ್ನುವುದು. ನಾಗಮಂಗಲದ ಕಂಟ್ರಾಕ್ಟರೊಬ್ಬರು ಹೊಸ ಟರ್ಬೊ ಕಾರು ತಂದು ಹಟ ಹಿಡಿದರು. ಆಗಲ್ಲ ಎಂದು, ಪಂಪನ್ನು ಅಳತೆಗೆ ತಕ್ಕಂತೆಯೇ ಸೀಲು ಮಾಡಿ ಕೊಟ್ಟೆ. ಸಿಟ್ಟಿನಲ್ಲಿ ಹೋದವರು ಬೇರೆ ಎಲ್ಲೋ ಸೀಲು ಒಡೆಸಿ ಸ್ಕ್ರೂ ತಿರುಗಿಸಿಕೊಂಡರು. ಎರಡು ತಿಂಗಳಿಗೆ ಹೆಡ್ಡಿನ ಗ್ಯಾಸ್ಕೆಟ್ ಸುಟ್ಟು, ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದರು. ಕಿತ್ತುಹೋದ ನನ್ನ ಸೀಸದ ಗುಂಡನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಮುಖ ಆ ಕಡೆ ತಿರುಗಿಸಿ ಕುಳಿತರು. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ, ಅರ್ಧ ಗಂಟೆ ಉಪದೇಶ ಮಾಡಿದೆ. ಹಾಗೆ ಉಪದೇಶ ಮಾಡಿದವನು ನಾನೇ ಮುಂದೆ ಏನು ಮಾಡಿದೆ ಎನ್ನುವುದನ್ನು ಈಗ ಹೇಳಬೇಕು.

ಚಿನಕುರಳಿಯ ಸಣ್ಣೇಗೌಡ ಎಂಬುವನು ಟರ್ಬೊ ಜೀಪು ಇಟ್ಟುಕೊಂಡು ಪಾಂಡವಪುರದಿಂದ ಕೆ.ಆರ್. ಪೇಟೆಗೆ ಜನರನ್ನು ತುಂಬಿಕೊಂಡು ಟ್ರಿಪ್ ಹೊಡೆಯುತ್ತಿದ್ದ. ಜೀಪಿನ ಮುಂದಿನ ಸೀಟು ಯಾವಾಗಲೂ ಅವನ ಅಕ್ಕ ಕೆಂಪಮ್ಮನದು. ತಾಯಿ ಬೇಗ ತೀರಿಕೊಂಡು, ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಗಂಡ ಸತ್ತಮೇಲೆ ತಮ್ಮನ ಮನೆಯ ಪಕ್ಕದಲ್ಲೇ ಇದ್ದುಕೊಂಡು, ತೋಟದ ಕನಕಾಂಬರ, ಸೇವಂತಿಗೆ ಕಟ್ಟಿ, ಬೆಳಿಗ್ಗೆ ಪೇಟೆಗೆ ಹೋಗಿ ಮಾರಿ, ಸಂಜೆ ತಮ್ಮನ ಜೀಪಿನಲ್ಲೇ ವಾಪಸ್ಸಾಗುತ್ತಿದ್ದಳು. ದಪ್ಪ ಹೆಂಗಸು, ಮಂಡಿ ನೋವು ಬೇರೆ. ನಮ್ಮ ಪಂಪ್ ರೂಮಿಗೂ ಒಂದೆರಡು ಸಲ ಬಂದಿದ್ದಳು. ಅವಳು ಇಳಿಯುವುದನ್ನು ನೋಡಲು ನಾವೆಲ್ಲ ಕೆಲಸ ಬಿಟ್ಟು ನಿಲ್ಲುತ್ತಿದ್ದೆವು. ಒಂದು ಕೈ ಬಾಗಿಲಿಗೆ, ಒಂದು ಕೈ ಸೀಟಿಗೆ, ಒಂದು ಕಾಲು ಕೆಳಗೆ, ಉಸ್ಸಪ್ಪಾ ಶಿವನೇ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಕಾಲು, ಆಮೇಲೆ ಹೂವಿನ ಪುಟ್ಟಿ, ಆಮೇಲೆ ಎಲೆಯಡಿಕೆ ಚೀಲ. ಎಲ್ಲ ಮುಗಿದಮೇಲೆ, "ಇಳ್ದೆ ಕಣ್ಲಾ" ಎನ್ನುತ್ತಿದ್ದಳು. ಆಗ ಸಣ್ಣೇಗೌಡ ಎಂಜಿನ್ ಆಫ್ ಮಾಡುತ್ತಿದ್ದ.

ಆ ಜೀಪು ಎರಡು ವರ್ಷ ಒಂದು ದಿನವೂ ನಿಲ್ಲಲಿಲ್ಲ. ಒಂದು ದಿನ ಸಣ್ಣೇಗೌಡ ಒಬ್ಬನೇ ಬಂದ. ಸಾಹೇಬರು ಅವತ್ತು ಮೈಸೂರಿಗೆ ಹೋಗಿದ್ದರು.

"ಪುಟ್ರಾಜಣ್ಣ, ನಮ್ಮ್ ರೂಟಿಗೆ ಇನ್ನೊಂದು ಜೀಪು ಬಂದೈತೆ. ಏರಲ್ಲಿ ನನ್ನ ಇಂದಕ್ಕಾಕಿ ಓಯ್ತಾನೆ. ಮುಂದ್ಲ ಸ್ಟಾಪಲ್ಲಿ ಜನಾನೆಲ್ಲ ಬಾಚ್ಕತಾನೆ. ಒಸಿ ಸ್ಕ್ರೂ ಏರ್ಸಣ್ಣ" ಎಂದ.

"ಆಗಾಕಿಲ್ಲ ಕಣ್ಲಾ."

"ಇಂಗೇ ಆದ್ರೆ ಜೀಪ್ ಮಾರ್ಬುಟ್ಟು ಕಲ್ ಕ್ವಾರೀಲಿ ಗುಂಡ್ ಒಡ್ಯಕ್ಕೆ ಓಗ್ಬೇಕಾಯ್ತದೆ. ನಂಗೆ ಬೇರೆ ಏನ್ ಗೊತ್ತು ಏಳು" ಎಂದು ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟ.

ಪಾಪ ಎನಿಸಿತು. ಸೀಲು ಕತ್ತರಿಸಿ ಕಾಲು ಸುತ್ತು ಏರಿಸಿದೆ. ಬರೀ ಕಾಲು ಸುತ್ತು. ಮತ್ತೆ ತಂತಿ ಸುತ್ತಿ, ಗುಂಡು ಹಾಕಿ, ನನ್ನ ಅಕ್ಷರ ಒತ್ತಿದೆ. ಕರಿಘಟ್ಟಕ್ಕೂ ಹತ್ತಿಸಲಿಲ್ಲ, ಸಾಹೇಬರಿಗೂ ಹೇಳಲಿಲ್ಲ.

ಒಂದೂವರೆ ತಿಂಗಳಿಗೆ ಜೀಪು ನೀಲಿ ಹೊಗೆ ಬಿಡುತ್ತಾ ಬಂತು. ಟರ್ಬೊ ಬಿಚ್ಚಿದರೆ ಒಳಗಿನ ಚಕ್ರದ ಅಚ್ಚು ಸವೆದು ಅಲುಗಾಡುತ್ತಿದೆ, ಆಯಿಲ್ ಸುಟ್ಟು ಕರಕಲಾಗಿ ಅಂಟಿಕೊಂಡಿದೆ. ನನ್ನ ಕಾಲು ಸುತ್ತಿನ ಬಿಸಿಯೇ ಇದನ್ನು ಸುಟ್ಟಿತು ಎಂದುಕೊಂಡೆ.  ಹೊಸ ಟರ್ಬೊ ಕೂರಿಸುವಾಗ ಯಾರಿಗೂ ತಿಳಿಯದಂತೆ ಸ್ಕ್ರೂ ಹಿಂದಕ್ಕೆ ತಿರುಗಿಸಿ ಮೊದಲಿದ್ದ ಜಾಗಕ್ಕೇ ತಂದೆ. ಸಣ್ಣೇಗೌಡನಿಗೆ ಮಾತ್ರ, "ಕಂಪನಿ ಪೀಸೇ ಸರಿಯಿರ್ಲಿಲ್ಲ ಅನ್ಸುತ್ತೆ" ಎಂದೆ. ಆ ಸುಳ್ಳು ಹೇಳಿದ್ದು ಇವತ್ತಿಗೂ ನನ್ನ ಹೊಟ್ಟೆಯೊಳಗೆ ಹಾಗೇ ಇದೆ.

ಮೂರು ತಿಂಗಳಾಗಿರಲಿಲ್ಲ, ಎರಡನೆಯ ಟರ್ಬೊವೂ ಹೋಯಿತು. ಅದೇ ಕರಕಲು, ಅದೇ ಸವೆತ. ಸ್ಕ್ರೂ ಇಳಿಸಿದ್ದೇನೆ, ಆಯಿಲ್ ಹೊಸದು, ಪೈಪ್ ಶುದ್ಧ. ಹಾಗಾದರೆ ಯಾಕೆ? ಸಣ್ಣೇಗೌಡ ಪಂಪ್ ರೂಮಿನ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. "ಇದೊಂದ್ಸಲ ಆಕ್ಸ್ತೀನಿ ಕಣಣ್ಣ. ಇನ್ನೊಂದ್ ಓದ್ರೆ ಜೀಪ್ ಮಾರೋದೇಯ" ಎಂದ.

ಅವತ್ತು ನಾನು ಸಾಹೇಬರ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಕಾಲು ಸುತ್ತು, ಅಕ್ಷರ, ಸುಳ್ಳು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕೈ ಚಾಚಿದರು. ನಾನು ಇಕ್ಕಳ ಕೊಟ್ಟೆ. ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಹದಿನೈದು ವರ್ಷದಲ್ಲಿ ನಾನು ಅಷ್ಟು ಸಣ್ಣವನಾಗಿದ್ದು ಅವತ್ತೇ.

"ಸ್ಕ್ರೂ ಇಳಿಸಿದ ಮೇಲೂ ಹೋಯ್ತು ಅಲ್ವಾ?" ಎಂದರು.

"ಹೋಯ್ತು ಸಾಹೇಬ್ರೆ."

"ಪಂಪ್ ನೋಡಿದೆ, ಟರ್ಬೊ ನೋಡಿದೆ. ಓಡಿಸೋ ಮನುಷ್ಯನ್ನ ನೋಡಿದೆಯಾ? ಹೋಗು. ಒಂದು ದಿನ ಅವನ ಪಕ್ಕ ಕೂತ್ಕೊ. ಬಾಯಿ ಮುಚ್ಚಿ ಕೂತ್ಕೊ, ಅದು ಮುಖ್ಯ."

ಮೂರನೆಯ ಟರ್ಬೊ ಕೂರಿಸಿದ ಮಾರನೆಯ ದಿನ ಪಾಂಡವಪುರದಲ್ಲಿ ಜೀಪು ಹತ್ತಿದೆ. ಮುಂದಿನ ಸೀಟು ಖಾಲಿ ಇತ್ತು. ಅಕ್ಕ ಬರಲ್ವೇನಪ್ಪ ಎಂದು ಕೇಳಿದೆ. "ಇಲ್ಲ ಬುಡಣ್ಣ" ಎಂದು ಗೇರು ಹಾಕಿದ. ಹಿಂದೆ ಹನ್ನೆರಡು ಜನ, ಮೇಲೆ ಮೂಟೆ. ಆ ಇನ್ನೊಂದು ಜೀಪು ಹಿಂದೆಯೇ ಹಾರನ್ ಹೊಡೆಯುತ್ತಿತ್ತು. ಸಣ್ಣೇಗೌಡ ಏರಿನುದ್ದಕ್ಕೂ ಕಾಲು ಒತ್ತಿಯೇ ಇದ್ದ. ಕೆ.ಆರ್. ಪೇಟೆ ಬಂತು. ಜೀಪು ಇನ್ನೂ ಉರುಳುತ್ತಿರುವಾಗಲೇ ಅವನು ಕೀ ತಿರುಗಿಸಿ ಎಂಜಿನ್ ಕೊಂದು, ನೆಗೆದು ಇಳಿದು, "ಪಾಂಡವ್ಪುರ, ಪಾಂಡವ್ಪುರ, ಚಿನಕುರ್ಳಿ!" ಎಂದು ಕೂಗುತ್ತಾ ಓಡಿದ.

ನಾನು ಸೀಟಿನಲ್ಲೇ ಕುಳಿತಿದ್ದೆ. ಬಾನೆಟ್ಟಿನಿಂದ ಸುಟ್ಟ ಆಯಿಲ್ ವಾಸನೆ ಬರತೊಡಗಿತು. ಎಂಜಿನ್ ನಿಂತರೂ ಟರ್ಬೊ ಚಕ್ರ ತಕ್ಷಣ ನಿಲ್ಲುವುದಿಲ್ಲ. ಏರು ಹತ್ತಿ ಬೆಂಕಿಯಾಗಿರುವ ಅಚ್ಚು ತಿರುಗುತ್ತಲೇ ಇರುತ್ತೆ, ಆದರೆ ಎಂಜಿನ್ ನಿಂತ ಕ್ಷಣವೇ ಅದಕ್ಕೆ ಆಯಿಲ್ ಬರುವುದು ನಿಂತುಹೋಗುತ್ತೆ. ಇದ್ದ ಆಯಿಲ್ ಕರಕಲಾಗುತ್ತೆ. ಅದಕ್ಕೇ ಎರಡು ನಿಮಿಷ ಐಡಲ್‌ನಲ್ಲಿ, ಅಂದರೆ ಗಾಡಿ ನಿಂತಲ್ಲೇ ಎಂಜಿನ್ ಮೆಲ್ಲಗೆ ಓಡಲು, ಬಿಟ್ಟು ಆಮೇಲೆ ಆಫ್ ಮಾಡಬೇಕು. ಈ ಮಾತು ಜೀಪಿನ ಪುಸ್ತಕದಲ್ಲಿತ್ತು, ಆ ಪುಸ್ತಕ ನಮ್ಮ ಕಡೆ ಯಾರೂ ಬಿಚ್ಚುತ್ತಿರಲಿಲ್ಲ, ನಾನೂ ಅವನಿಗೆ ಹೇಳಿರಲಿಲ್ಲ.

ಅವನು ವಾಪಸ್ಸು ಬಂದಾಗ ಕೇಳಿದೆ. "ಮೊದ್ಲಿಂದ್ಲೂ ಇಂಗೇ ಆಫ್ ಮಾಡ್ತಿದ್ಯೇನ್ಲಾ?"

"ಇಲ್ಲ."

"ಮತ್ತೆ?"

ಅವನು ಸ್ಟೇರಿಂಗು ಹಿಡಿದುಕೊಂಡು ಎದುರಿಗೆ ನೋಡುತ್ತಿದ್ದ. "ಅಕ್ಕ ಇಳೀಬೇಕಿತ್ತಲ್ಲ. ಹ್ಯಾಂಡ್ ಬ್ರೇಕ್ ಸರ್ಯಾಗಿ ಹಿಡಿಯಾಕಿಲ್ಲ. ಎಂಜಿನ್ ಆನಾಗಿದ್ರೆ ಬ್ರೇಕಿಗೆ ಬಲ. ಗಾಡಿ ಒಸಿ ಅಲ್ಲಾಡುದ್ರೂ ಬಿದ್ಬುಡ್ತಾಳೆ ಅಂತ, ಅವ್ಳು ಇಳ್ದೆ ಅನ್ನೋಗಂಟ ಬ್ರೇಕ್ ಮೇಲೆ ಕಾಲಿಟ್ಕಂಡು ಕೂರ್ತಿದ್ದೆ. ಅವ್ಳಿಲ್ದಿರೋ ಟ್ರಿಪ್ಪಲ್ಲೂ ಅದೇ ಅಭ್ಯಾಸ ಆಗೋಗಿತ್ತು."

ನಾನು ಕೇಳಿದೆ, "ಈಗ್ಯಾಕೆ ಬರಾಕಿಲ್ಲ?"

ಸ್ಟೇರಿಂಗಿನ ಧೂಳು ಹೆಬ್ಬೆರಳಲ್ಲಿ ಒರೆಸಿದ. ಆಮೇಲೆ ಹೇಳಿದ. ಇನ್ನೊಂದು ಜೀಪು ಬಂದ ಹೊಸದರಲ್ಲಿ, ಇದೇ ಸ್ಟ್ಯಾಂಡಿನಲ್ಲಿ, ಅಕ್ಕ ಇಳಿಯುವಷ್ಟರಲ್ಲಿ ಆ ಜೀಪಿನವನು ಜನರನ್ನೆಲ್ಲ ತುಂಬಿಕೊಂಡು ಹೊರಟುಬಿಟ್ಟನಂತೆ. ಸಿಟ್ಟು ತಡೆಯದೆ ಇವನು ಎಲ್ಲರ ಮುಂದೆ, "ನೀನ್ ಇಳಿಯೋಷ್ಟ್ರಲ್ಲಿ ನಂದು ಒಂದ್ ಟ್ರಿಪ್ಪೇ ಓಯ್ತದೆ" ಎಂದುಬಿಟ್ಟನಂತೆ. ಅವಳು ಪುಟ್ಟಿ ಎತ್ತಿಕೊಂಡು ಹೋದಳು. ಮಾರನೆಯ ದಿನದಿಂದ ಸರ್ಕಾರಿ ಬಸ್ಸು. ಮಾತೂ ಇಲ್ಲ. ಅವನು ಸ್ಕ್ರೂ ಏರಿಸಲು ಒಬ್ಬನೇ ನನ್ನ ಹತ್ತಿರ ಬಂದದ್ದು ಅದಾದ ವಾರಕ್ಕೆ.

ಕೆಂಪಮ್ಮ ಸ್ಟ್ಯಾಂಡಿನ ಆ ಮೂಲೆಯಲ್ಲಿ ಹೂವಿನ ಮುಂದೆ ಕುಳಿತಿದ್ದಳು. ಇಬ್ಬರೂ ಹೋದೆವು. ತಮ್ಮ ನನ್ನ ಹಿಂದೆ ನಿಂತ. ನಾನು ಅಚ್ಚು, ಆಯಿಲ್, ಎರಡು ನಿಮಿಷ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಹೂ ಕಟ್ಟುತ್ತಲೇ ಕೇಳಿದಳು.

"ಅಂದ್ರೆ ನಾನ್ ತಡ್ವಾಗಿ ಇಳೀತಿದ್ದುದ್ಕೆ ಆ ಚಕ್ರ ಉಳ್ಕಂಡಿತ್ತು ಅಂತೀಯಾ, ಮೇಸ್ತ್ರಿ?"

"ಊಂ ಕಣಕ್ಕ. ಇನ್ನೊಂದು ಮಾತೈತೆ. ಮಧ್ಯ ನಾನೂ ಕಾಲು ಸುತ್ತು ಸ್ಕ್ರೂ ಏರಿಸ್ಬುಟ್ಟಿದ್ದೆ. ಕಂಪನಿ ಪೀಸ್ ಸರಿಯಿಲ್ಲ ಅಂತ ಸುಳ್ ಏಳ್ದೆ. ಮೊದ್ಲು ಓದ ಟರ್ಬೊದಲ್ಲಿ ನನ್ ಪಾಲೂ ಐತೆ."

ಸಣ್ಣೇಗೌಡ ನನ್ನ ಮುಖವನ್ನೇ ನೋಡಿದ. ಕೆಂಪಮ್ಮ ದಾರ ಕಚ್ಚಿ ಕತ್ತರಿಸಿ, "ಒಬ್ಬ ಅಕ್ಕನ್ನ ಇಳುಸ್ದ, ಒಬ್ಬ ಸ್ಕ್ರೂ ಏರುಸ್ದ. ಒಳ್ಳೆ ಜೋಡಿ ಕಣ್ರಪ್ಪ" ಎಂದಳು. ನನಗೆ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಆಗ ಸಣ್ಣೇಗೌಡ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತ. "ಚಕ್ರ ಆಳಾಗೋಗ್ಲಿ ಕಣಕ್ಕ. ಆ ಸೀಟಲ್ಲಿ ಯಾರನ್ನ ಕೂರುಸುದ್ರೂ ನಂಗೆ ದಾರಿ ಸಾಗಾಕಿಲ್ಲ. ಬಾ" ಎಂದ. ಸ್ಟ್ಯಾಂಡಿನ ಜನವೆಲ್ಲ ನೋಡುತ್ತಿದ್ದರು. ಅವನಿಗೆ ಅದರ ಪರಿವೆಯೇ ಇರಲಿಲ್ಲ, ಕಣ್ಣು ಮೂಗೆಲ್ಲ ಸುರಿಯುತ್ತಿತ್ತು.

"ನಂಗೆ ಬಸ್ಸೈತೆ" ಎಂದಳು ಕೆಂಪಮ್ಮ. ಸಂಜೆ ಬಸ್ಸಿನಲ್ಲೇ ಹೋದಳು.

ಶ್ರೀರಂಗಪಟ್ಟಣಕ್ಕೆ ವಾಪಸ್ಸು ಬಂದು ಸಾಹೇಬರಿಗೆ ಹೇಳಿದೆ. "ಅವನಿಗೆ ಎರಡು ನಿಮಿಷ ಹೇಳಿಕೊಟ್ಟೆಯಲ್ಲ, ಟರ್ಬೊ ಉಳಿಯುತ್ತೆ" ಎಂದರು. ಅಷ್ಟೇ. ಇಕ್ಕಳದ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಪಂಪ್ ಅಳೆಯುತ್ತಿದ್ದೆ, ಸೀಲು ಸಾಹೇಬರೇ ಹಾಕುತ್ತಿದ್ದರು.

ಟರ್ಬೊ ಉಳಿದರೆ ಸಾಕೇ? ನನಗೆ ದಿನಾ ಆ ಖಾಲಿ ಸೀಟೇ ಕಣ್ಣಮುಂದೆ. ಸಣ್ಣೇಗೌಡ ದಿನಾ ಬೆಳಿಗ್ಗೆ ಚಿನಕುರಳಿ ಬಸ್ ಸ್ಟಾಪಿನಲ್ಲಿ ಅಕ್ಕನ ಪಕ್ಕಕ್ಕೇ ಜೀಪು ತಂದು ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಬ್ರೇಕಿನ ಮೇಲೆ ಕಾಲಿಟ್ಟು ಕೂರುತ್ತಾನೆ, ಅವಳು ಆ ಕಡೆ ತಿರುಗಿ ನಿಲ್ಲುತ್ತಾಳೆ, ಬಸ್ಸು ಬಂದಮೇಲೆ ಇವನು ಹೊರಡುತ್ತಾನೆ ಎಂದು ಆ ಕಡೆಯ ಡ್ರೈವರೊಬ್ಬ ಹೇಳಿದ. ಇನ್ನೊಂದು ಜೀಪಿನವನು ಅಷ್ಟರಲ್ಲಿ ಜನರನ್ನೆಲ್ಲ ತುಂಬಿಕೊಂಡು ಹೋಗಿರುತ್ತಿದ್ದನಂತೆ. ಹೋಗಲಿ ಬಿಡು ಎನ್ನುತ್ತಿದ್ದನಂತೆ ಸಣ್ಣೇಗೌಡ.

ಒಂದು ತಿಂಗಳ ಮೇಲೆ ಆಯಿಲ್ ಬದಲಿಸಲು ಜೀಪು ನಮ್ಮ ಪಂಪ್ ರೂಮಿನ ಮುಂದೆ ಬಂದು ನಿಂತಿತು. ನಾನು ಕೈಯಲ್ಲಿದ್ದ ನಳಿಗೆ ಕೆಳಗಿಟ್ಟು ಆಚೆ ಬಂದೆ. ಮುಂದಿನ ಸೀಟಿನಲ್ಲಿ ಹೂವಿನ ಪುಟ್ಟಿ ಇತ್ತು. ಪುಟ್ಟಿಯ ಹಿಂದೆ ಕೆಂಪಮ್ಮ ಇದ್ದಳು.

ಸಾಹೇಬರೂ ಬಂದು ನನ್ನ ಪಕ್ಕ ನಿಂತರು. ಎಂಜಿನ್ ಐಡಲ್‌ನಲ್ಲಿ ಗುಡುಗುಡು ಎನ್ನುತ್ತಿತ್ತು. ಅವಳು ಅಲ್ಲಾಡಲಿಲ್ಲ.

"ಯಾಕಕ್ಕ, ಇಳಿಯಾಕಿಲ್ವಾ?" ಎಂದ ಸಣ್ಣೇಗೌಡ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ.

"ಇಳೀತೀನಿ ತಡಿಯೋ. ಎರಡ್ ನಿಮ್ಸ ಅಂದವ್ನೆ ಮೇಸ್ತ್ರಿ. ನನ್ ಸಿಟ್ಟೂ ಪೂರ್ತಿ ತಣ್ಗಾಗ್ಲಿ."

ಆಮೇಲೆ ಒಂದು ಕೈ ಬಾಗಿಲಿಗೆ, ಒಂದು ಕೈ ಸೀಟಿಗೆ, ಒಂದು ಕಾಲು ಕೆಳಗೆ, ಉಸ್ಸಪ್ಪಾ ಶಿವನೇ. ಇನ್ನೊಂದು ಕಾಲು. ಪುಟ್ಟಿ. ಎಲೆಯಡಿಕೆ ಚೀಲ. ಸಾಹೇಬರು ನನ್ನ ಅಂಗೈಯೊಳಗೆ ಏನೋ ತಣ್ಣಗಿರುವುದನ್ನು ಇಟ್ಟು ಒಳಗೆ ಹೋದರು. ನೋಡಬೇಕಾಗಿರಲಿಲ್ಲ, ಅದರ ಹಿಡಿ ನನ್ನ ಕೈಗೆ ಗೊತ್ತಿತ್ತು, ನನ್ನ ಇಕ್ಕಳ. ನಾನು ಕೆಂಪಮ್ಮನ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ತಮ್ಮನ ಕಡೆ ತಿರುಗಿದಳು.

"ಇಳ್ದೆ ಕಣ್ಲಾ. ಈಗ ಆಫ್ ಮಾಡು."